ಒಂದು ದಿನ ಮೊದಲು

ಚಿಂತೆ ಮಾಡುವುದರಲ್ಲಿ ನಾಂದೆ ಮಾಲೆಮ್ ನಮ್ಮ ಊರಿಗೇ ಎತ್ತಿದ ಕೈ. ಊರ ಮೇಲಿನ ಬೆಂಕಿಬೆಟ್ಟ ಹೊಗೆ ಉಗುಳಿದರೆ ಬೂದಿ ಬೀಳುತ್ತದಲ್ಲ ಎಂಬ ಚಿಂತೆ. ಉಗುಳದಿದ್ದರೆ ಒಳಗೊಳಗೇ ಏನು ಹುನ್ನಾರ ನಡೆಸಿದೆಯೋ ಎಂಬ ಚಿಂತೆ. ಎಲೆಕೋಸು ಹಾಳಾದರೆ ಸರಿ, ಯಾರಾದರೂ ಕೊರಗುತ್ತಾರೆ. ಇವಳು ಎಲೆಕೋಸು ಚೆನ್ನಾಗಿ ಬಂದರೂ ಕೊರಗುವವಳು. ಎಲ್ಲರದೂ ಚೆನ್ನಾಗಿ ಬಂದಿರುತ್ತೆ, ಇನ್ನು ಕೊಳ್ಳುವವರು ಯಾರು ಅಂತ. ಬೇರೆಯವರು ಚಿಂತೆಗೆ ಒಂದು ಕೋಣೆ ಬಾಡಿಗೆ ಕೊಟ್ಟರೆ ನೀನು ಮನೆಯನ್ನೇ ಬರೆದುಕೊಟ್ಟಿದೀಯ ಎಂದು ನಾನು ಅವಳ ಎದುರಿಗೇ ಆಡಿಕೊಳ್ಳುತ್ತಿದ್ದೆ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. "ನಿನ್ನ ಪಾಲಿನ ಚಿಂತೇನೂ ನಾನೇ ಮಾಡ್ತಿದೀನಿ ಕಣೇ, ಅದಕ್ಕೇ ನೀನು ಹಿಂಗೆ ಊದ್ಕೊಂಡಿರೋದು" ಎನ್ನುತ್ತಿದ್ದಳು.

ಅವಳ ಸ್ವಂತ ಹೆಸರು ರಾಸ್ಮಿನ್. ಆದರೆ ನಮ್ಮ ಕಾರೊ ಜನರಲ್ಲಿ ಮೊದಲ ಮಗು ಹುಟ್ಟಿದ ದಿನವೇ ಹೆತ್ತವರ ಹೆಸರು ಮೂಲೆ ಸೇರುತ್ತದೆ. ಆಮೇಲೆ ಅವಳು ನಾಂದೆ ಇಂಥವರು, ಅವನು ಬಾಪಾ ಇಂಥವರು. ಇಂಥ ಮಗುವಿನ ತಾಯಿ, ಇಂಥ ಮಗುವಿನ ತಂದೆ. ಮಾಲೆಮ್ ಎಂಬ ಆ ಮಗು ಎಂಟು ತಿಂಗಳು ಬದುಕಿತು. ಮತ್ತೆ ಮಕ್ಕಳಾಗಲಿಲ್ಲ. ಹೆಸರು ಮಾತ್ರ ಗಂಡಹೆಂಡಿರಿಬ್ಬರ ಮೇಲೂ ಉಳಿದುಕೊಂಡಿತು, ದಿನಕ್ಕೆ ಹತ್ತು ಸಲ ಯಾರಾದರೂ ಅದನ್ನೇ ಕೂಗಿ ಕರೆಯುತ್ತಿದ್ದರು.

ಬಾಪಾ ಮಾಲೆಮ್ ಕಿತ್ತಳೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಕಾಫಿ ಅಂಗಡಿಯ ಚದುರಂಗದಲ್ಲಿ ಆತನನ್ನು ಸೋಲಿಸಿದವರಿಲ್ಲ. ಗೆದ್ದ ಮೇಲೆ ಸೋತವನ ಬೆನ್ನು ತಟ್ಟಿ "ನಾಳೆ ಬಾ, ಕಣ್ಣು ಮುಚ್ಕೊಂಡು ಆಡ್ತೀನಿ" ಎನ್ನುವ ಗತ್ತಿನ ಮನುಷ್ಯ. ಒಂದು ಬೆಳಿಗ್ಗೆ ಲಾರಿಯ ಟಾರ್ಪಾಲಿಗೆ ಹಗ್ಗ ಬಿಗಿಯುತ್ತಿದ್ದವನು ಹಗ್ಗ ಹಿಡಿದುಕೊಂಡೇ ಬಿದ್ದ. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಉಳಿದದ್ದು "ಹೋ" ಎಂಬ ಒಂದು ಸದ್ದು. ನೀರು ಬೇಕಾದರೂ ಹೋ, ಸೊಳ್ಳೆ ಕಚ್ಚಿದರೂ ಹೋ, ಹಳೆಯ ಗೆಳೆಯರು ಬಂದು ಕೂತರೂ ಹೋ. ಗೆಳೆಯರು ಮೊದಲ ವರ್ಷ ಬಂದರು. ಆಮೇಲೆ ದಾರಿಯಲ್ಲಿ ಹೋಗುವಾಗ ಕಿಟಕಿಯ ಕಡೆ ಕೈ ಬೀಸುತ್ತಿದ್ದರು.

ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದಳು. ನಾಂದೆ ಮಾಲೆಮ್ ಗಡಿಯಾರ ನೋಡುವವಳಲ್ಲ. ಮೊದಲ ಕೋಳಿ ಕೂಗಿದಾಗ ಎಡಕ್ಕೆ. ಮೇದಾನ್ ಪೇಟೆಯ ಕಡೆ ಹೊರಟ ತರಕಾರಿ ಲಾರಿಗಳು ಇಳಿಜಾರಿನಲ್ಲಿ ಬ್ರೇಕು ಹಾಕುವ ಸದ್ದಾದಾಗ ಅಂಗಾತ. ಶಾಲೆಯ ಗಂಟೆಗೆ ಬಲಕ್ಕೆ. ಹೀಗೆ ಇಡೀ ದಿನ, ಇಡೀ ರಾತ್ರಿ. ಬೆನ್ನಿನ ಕೆಳಗೆ ಹೊಸ ಬಾಳೆಲೆ ಹಾಸಬೇಕು, ಒದ್ದೆಯಾದ ಬಟ್ಟೆ ತೆಗೆಯಬೇಕು, ಗಂಜಿ ಚಮಚದಲ್ಲಿ ಹಾಕಿ ಅದು ಗಂಟಲಲ್ಲಿ ಇಳಿಯುವ ತನಕ ಕಾಯಬೇಕು. ಒಂಬತ್ತು ವರ್ಷ ಅವಳು ಒಂದು ಪೂರ್ತಿ ನಿದ್ದೆ ಕಾಣಲಿಲ್ಲ. ಕೋಸಿನ ಹೊಲದಲ್ಲಿ ಕಳೆ ಕೀಳುತ್ತಾ ಕೂತಲ್ಲೇ ತೂಕಡಿಸಿ ಮಣ್ಣಿಗೆ ಮುಖ ಹಚ್ಚಿದ್ದನ್ನು ನಾನೇ ಎಬ್ಬಿಸಿದ್ದೇನೆ. ಆತನ ಬೆನ್ನ ಮೇಲೆ ಒಂದೂ ಹುಣ್ಣಿರಲಿಲ್ಲ. ಅವಳ ಬೆನ್ನು ಮಾತ್ರ ಬಾಗಿಹೋಯಿತು.

ಸಹಾಯಕ್ಕೆ ಹತ್ತಿರದಲ್ಲೇ ಗಟ್ಟಿಮುಟ್ಟಾದ ಒಂದು ಜೀವ ಇತ್ತು. ಓಣಿಯ ಆಚೆ ಮನೆಯ ನಾಂದೆ ತೇತಾಪ್, ನಾಂದೆ ಮಾಲೆಮಳ ಅಣ್ಣನ ವಿಧವೆ. ಎಲೆಕೋಸಿನ ಮೂಟೆ ಹೊತ್ತು ಗಂಡಸರಿಗಿಂತ ಮುಂದೆ ನಡೆಯುವ ಹೆಂಗಸು. ಅರವತ್ತೈದು ದಾಟಿದ್ದರೂ ನಾಲ್ಕು ಹಂದಿ ಸಾಕಿದ್ದಳು. ಆದರೆ ನಮ್ಮಲ್ಲಿ ಹೆಂಡತಿಯ ಅಣ್ಣನ ಹೆಂಡತಿ ಗಂಡಸಿಗೆ ರೆಬು. ಮುಟ್ಟುವ ಹಾಗಿಲ್ಲ, ಒಂದೇ ಚಾಪೆಯ ಮೇಲೆ ಕೂರುವ ಹಾಗಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಏನಾದರೂ ಹೇಳಲೇಬೇಕಿದ್ದರೆ ನಡುವೆ ಒಬ್ಬರು ಬೇಕು, ಯಾರೂ ಸಿಗದಿದ್ದರೆ ಕಂಬಕ್ಕೋ ಬಾಗಿಲಿಗೋ ಹೇಳಿ ಆ ಕಡೆಯವರಿಗೆ ಕೇಳಿಸಬೇಕು. ಇದನ್ನು ಈಗಿನವರು ಅರ್ಧಂಬರ್ಧ ಪಾಲಿಸುತ್ತಾರೆ. ನಾಂದೆ ತೇತಾಪ್ ಒಂದಕ್ಕೆ ಒಂದೂವರೆ ಪಾಲಿಸುವವಳು. ಮದುವೆ ಮನೆಯಲ್ಲಿ ಯಾವುದಾದರೂ ಸೊಸೆ ಮಾವನ ಚಾಪೆ ತುಳಿದಳೋ, ಆ ಹುಡುಗಿಯ ಊಟ ಗಂಟಲಲ್ಲೇ ನಿಲ್ಲುವ ಹಾಗೆ ಬೈಯುತ್ತಿದ್ದಳು.

ಆದ್ದರಿಂದ ಆಕೆ ದಿನಾ ಗಂಜಿ ಮಾಡಿಕೊಂಡು ಬಂದು ಆತನ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಅಂಗಳದ ಕೋಳಿಯ ಕಡೆ ತಿರುಗಿ ಮಾತು.

"ಕೋಳಿಯೇ, ಒಳಗಿರೋರಿಗೆ ಹೇಳು, ಗಂಜಿ ಆರ್ತಾ ಇದೆ. ನಿನ್ನೆ ಅರ್ಧ ಬಿಟ್ಟಿದ್ರಂತೆ, ನನ್ನ ಕೈ ಅಡಿಗೆ ಅಷ್ಟು ಕೆಟ್ಟದಾಗಿದ್ರೆ ನೀನೇ ಮಾಡಿ ಹಾಕು ಅಂತೀನಿ."

ಒಳಗಿನಿಂದ "ಹೋ" ಎಂದು ಬರುತ್ತಿತ್ತು.

"ನಗ್ತಾರೆ ನೋಡು ಕೋಳಿಯೇ. ನಗಲಿ. ನಕ್ರೆ ಜೀರ್ಣ ಆಗುತ್ತೆ."

ಆ ಕೋಳಿಗಿಂತ ಹೆಚ್ಚು ಮಾತು ಕೇಳಿಸಿಕೊಂಡ ಪ್ರಾಣಿ ನಮ್ಮ ಸೀಮೆಯಲ್ಲಿಲ್ಲ.

ನಾನು ನಾಂದೆ ಬೆನಾರ್, ನಮ್ಮ ಚರ್ಚಿನ ಸಭಾಸೇವಕಿ, ಅವರ ಪಕ್ಕದ ಮನೆಯವಳು. ಒಂದು ಭಾನುವಾರ ಆರಾಧನೆ ಮುಗಿದು ಎದ್ದಾಗ ನಾಂದೆ ಮಾಲೆಮ್ ಕೂತಿದ್ದ ಬೆಂಚಿನ ಮೇಲೆ ರಕ್ತ ಕಂಡೆ. ಅವಳಿಗೆ ಮುಟ್ಟು ನಿಂತು ಹತ್ತು ವರ್ಷವಾಗಿತ್ತು. ಮನೆಗೆ ಹೋಗಿ ಕೇಳಿದರೆ "ಸ್ವಲ್ಪ ದಿನದಿಂದ" ಎಂದಳು. ಸ್ವಲ್ಪ ದಿನ ಎಂದರೆ ಏಳು ತಿಂಗಳು. ಕೈಹಿಡಿದು ಎಳೆದುಕೊಂಡೇ ಕಬಾಂಜಾಹೆಯ ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನೋಡಿ, ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು, ಬಿಟ್ಟರೆ ಜೀವಕ್ಕೇ ಬರುತ್ತದೆ ಎಂದರು. ಆಪರೇಷನ್ ಸರಕಾರದ ಕಾರ್ಡಿನಲ್ಲಿ ಆಗುತ್ತದೆ, ಅದರ ಯೋಚನೆ ಬೇಡ; ಆದರೆ ಒಂದು ವಾರ ಆಸ್ಪತ್ರೆ, ಆಮೇಲೆ ಮೂರು ತಿಂಗಳು ಒಂದು ಬಿಂದಿಗೆಯನ್ನೂ ಎತ್ತಬಾರದು.

ನಾಂದೆ ಮಾಲೆಮ್ ನಕ್ಕಳು. "ಡಾಕ್ಟರೇ, ನಮ್ಮನೇಲಿರೋ ಬಿಂದಿಗೆ ಐವತ್ತು ಕಿಲೋ ಇದೆ."

ದಿನ ಗೊತ್ತುಮಾಡಿದರು, ಅವಳು ಹೋಗಲಿಲ್ಲ. ಇನ್ನೊಂದು ದಿನ ಕೊಟ್ಟರು, ಅದಕ್ಕೂ ಹೋಗಲಿಲ್ಲ. ಎರಡನೇ ಸಲ ನನಗೆ ರೇಗಿತು. ನೀನು ಸತ್ತರೆ ಅವರ ಗತಿಯೇನು ಎಂದು ಕೂಗಾಡಿದೆ. ಅವಳು ಒದ್ದೆ ಬಟ್ಟೆ ಹಿಂಡುತ್ತಾ, "ಅದನ್ನೇ ತಾನೇ ನಾನು ಒಂಬತ್ತು ವರ್ಷದಿಂದ ಯೋಚಿಸ್ತಿರೋದು" ಎಂದಳು. ನಾನು ಬಕೆಟ್ಟು ಎತ್ತಿದೆ.

ವಾರದ ಮನೆಪ್ರಾರ್ಥನೆ ನಮ್ಮಲ್ಲಿ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ. ಆ ತಿಂಗಳು ಅವಳ ಮನೆಯ ಸರದಿ. ಸಂಜೆ ಚಾಪೆ ಹಾಸಿ, ಎಲೆಯಲ್ಲಿ ಸುತ್ತಿದ ಚಿಂಪಾ ಕಡುಬು ಬೇಯಿಸಿಟ್ಟಿದ್ದಳು. ಬೆಲ್ಲ ಹೆಚ್ಚಾಯಿತೇನೋ ಎಂದು ಬಂದವರನ್ನೆಲ್ಲ ಕೇಳಿದಳು. ಹೊಸದಾಗಿ ಬಂದಿದ್ದ ಹುಡುಗ ಪಾದ್ರಿ ವಾಕ್ಯ ಓದಿದರು. ಬಿತ್ತದ, ಕೊಯ್ಯದ ಹಕ್ಕಿಗಳನ್ನೂ ದೇವರು ಸಾಕುತ್ತಾನೆ ಎಂಬ ಭಾಗ. ಆ ಭಾಗವನ್ನು ಅವಳಿಗಾಗಿಯೇ ಆರಿಸಿದ್ದು ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಅಯ್ಯನವರೇ," ಎಂದಳು, "ಹಕ್ಕಿಗೆ ಲಕ್ವ ಹೊಡೆಯಲ್ಲ."

ಯಾರೋ ಕಿಸಕ್ಕೆಂದರು. ಪಾದ್ರಿಗಳು ಕೆಂಪಗಾದರೂ ನಕ್ಕರು. "ಹೌದಮ್ಮ, ಹೊಡೆಯಲ್ಲ. ಮನೆಯೊಡತಿ ನೀವು, ಪ್ರಾರ್ಥನೆ ಮಾಡಿ" ಎಂದರು.

ಎಲ್ಲರೂ ತಲೆ ಬಗ್ಗಿಸಿದೆವು. ಅವಳು ಬಂದವರಿಗಾಗಿ, ಬೆಟ್ಟಕ್ಕಾಗಿ, ಕೋಸಿಗಾಗಿ ಪ್ರಾರ್ಥಿಸಿದಳು. ಆಮೇಲೆ ದಿನಾ ಒಬ್ಬಳೇ ಹೇಳಿಕೊಳ್ಳುತ್ತಿದ್ದದ್ದು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತೋ, ಬೇಕೆಂದೇ ಹೇಳಿದಳೋ ನನಗೆ ಇವತ್ತಿಗೂ ತಿಳಿಯದು.

"ಕರ್ತನೇ, ನಾನು ಬೇರೇನೂ ಕೇಳಿಲ್ಲ. ಮಗೂನ ನೀನು ತಗೊಂಡೆ, ಯಾಕೆ ಅಂತ ನಾನು ಕೇಳಲಿಲ್ಲ. ಇವರನ್ನ ನನಗಿಂತ ಒಂದು ದಿನ ಮೊದಲು ಕರ್ಕೋ. ಒಂದೇ ಒಂದು ದಿನ. ಇವರನ್ನ ಮಣ್ಣು ಮಾಡಿ, ಕೈಕಾಲು ತೊಳ್ಕೊಂಡು ನಾನೂ ಬಂದುಬಿಡ್ತೀನಿ."

ಪ್ರಾರ್ಥನೆ ಮುಗಿಯಿತು. ಆಮೆನ್ ಹೇಳಬೇಕಾದವರು ನಾವು. ಯಾರ ಬಾಯೂ ಏಳಲಿಲ್ಲ. ಒಬ್ಬ ಮನುಷ್ಯ ಸಾಯಲಿ ಎಂಬುದಕ್ಕೆ ಆಮೆನ್ ಹೇಳುವುದು ಹೇಗೆ, ಅದೂ ಆತ ಗೋಡೆಯಾಚೆ ಮಲಗಿ ಕೇಳಿಸಿಕೊಳ್ಳುತ್ತಿರುವಾಗ? ಒಳಗಿನಿಂದ ಸಣ್ಣಗೆ "ಹೋ" ಎಂದು ಬಂತು. ನಾಂದೆ ಮಾಲೆಮ್ ಎದ್ದು, "ಮಗ್ಗುಲು ಬದಲಿಸೋ ಹೊತ್ತಾಯ್ತು" ಎಂದು ಒಳಗೆ ಹೋದಳು. ಬಾಗಿಲಾಚೆ ಕೂತಿದ್ದ ನಾಂದೆ ತೇತಾಪ್ ತಲೆಯ ಬಟ್ಟೆಯ ಅಂಚಿನಿಂದ ಮೂಗು ಒರೆಸಿಕೊಂಡಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ, ಆ ಚಿಂಪಾ ಅಷ್ಟು ಚೆನ್ನಾಗಿದ್ದರೂ.

ಮೌನಕ್ಕೆ ಒಂದು ಉಪಯೋಗವಾಯಿತು. ನಾಚಿಕೆಯಾದ ಗಂಡಸರು ಮಾರನೇ ದಿನ ಕಾಫಿ ಅಂಗಡಿಯಲ್ಲಿ ಚದುರಂಗದ ಮಣೆ ಸರಿಸಿ ಸಭೆ ಸೇರಿದರು. ಬಾಪಾ ಮಾಲೆಮನ ತಂಗಿಯ ಮಗ ಬಾಂಗುನ್ ಎದ್ದು, "ಮಾವನ ಜವಾಬ್ದಾರಿ ನಂದು. ಹಗಲು ರಾತ್ರಿ ನಾನೇ ಇರ್ತೀನಿ. ನನಗೆ ಆಗದೇ ಇದ್ದಾಗ ಇವರೆಲ್ಲ ಸರದಿ ಮೇಲೆ ಬರ್ತಾರೆ" ಎಂದ. ಎಲ್ಲರೂ ಎದೆ ತಟ್ಟಿಕೊಂಡು ಹೂಂಗುಟ್ಟಿದರು. ಮಾತಿನಲ್ಲಿ ನಮ್ಮ ಗಂಡಸರನ್ನು ಮೀರಿಸುವವರಿಲ್ಲ.

ಡಾಕ್ಟರಮ್ಮ ಮೂರನೇ ಸಲ ದಿನ ಕೊಟ್ಟರು, ಇದೇ ಕೊನೆ, ಇನ್ನು ಗಡ್ಡೆ ಕಾಯುವುದಿಲ್ಲ ಎಂಬ ಮಾತಿನ ಜೊತೆಗೆ. ನಾಂದೆ ಮಾಲೆಮ್ ಹೊರಟಳು. ಹೊರಡುವ ಮೊದಲು ಬಾಂಗುನ್‌ಗೆ ಎಡಕ್ಕೆ ಯಾವಾಗ, ಬಲಕ್ಕೆ ಯಾವಾಗ, ದಿಂಬು ಎಲ್ಲಿ ಎಂದು ಹೇಳಿದಳು, ಮತ್ತೆ ಹೇಳಿದಳು, ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಕೂಗಿ ಹೇಳಿದಳು. ಕಂಡಕ್ಟರಿಗೂ ಬಾಯಿಪಾಠ ಆಗಿರಬೇಕು.

ಆಪರೇಷನ್ನಿನ ಬೆಳಿಗ್ಗೆ ಅವಳಿಗೆ ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಕೂರಿಸಿದ್ದರು. ಪಕ್ಕದ ಮಂಚದವಳನ್ನು ನೋಡಲು ನಮ್ಮ ಕಡೆಯ ಒಬ್ಬ ಹೆಂಗಸು ಬಂದವಳು ಮಾತಿಗೆ ಮಾತು ಬಂದು, "ನಿಮ್ಮ ಊರಲ್ಲಿ ಸಾವಂತಲ್ಲ? ಕೆಳಗಿನ ಕೇರಿಯ ಸೆಂಬಿರಿಂಗ್ ತಾತ, ಬೆಳಗಿನ ಜಾವ ಹೋದರಂತೆ. ಎಂಥಾ ತುಂಬಿದ ಬಾಳು! ದೊಡ್ಡ ಸಾವು, ಡೋಲಿನವರು ಆಗ್ಲೇ ಹೊರಟ್ರು" ಎಂದಳು. ಆ ಬಾಯಿಗೆ ಬೀಗ ಹಾಕಬೇಕು ಅನಿಸಿತು ನನಗೆ.

ಹೊರಗಿನವರಿಗೆ ಇದರಲ್ಲಿ ಏನಿದೆ ಎನಿಸಬಹುದು. ನಮ್ಮಲ್ಲಿ ಸಾವಿನ ಮನೆಯ ಕೆಲಸ ಇಷ್ಟವಿದ್ದವರು ಮಾಡುವುದಲ್ಲ, ಮಾಡಬೇಕಾದವರು ಮಾಡುವುದು. ಆ ಮನೆತನದ ಹೆಣ್ಣುಮಕ್ಕಳನ್ನು ಮದುವೆಯಾದವರು, ಅವರ ಗಂಡುಮಕ್ಕಳು ಒಲೆ ಹಚ್ಚಬೇಕು, ಹಂದಿ ಕೊಯ್ಯಬೇಕು, ಬಡಿಸಬೇಕು. ಆ ಮನೆತನದವರೇ ಆದವರು ಚಾಪೆಯ ಮೇಲೆ ಕೂತು ಬಂದವರ ಮಾತು ಕೇಳಬೇಕು. ತಪ್ಪಿಸಿಕೊಂಡರೆ ಮೊಮ್ಮಕ್ಕಳ ಕಾಲದವರೆಗೂ ಅಂದಾಡುತ್ತಾರೆ. ಬಾಪಾ ಮಾಲೆಮನೂ ಸೆಂಬಿರಿಂಗ್ ಮನೆತನದವನೇ. ಅವನ ತಂಗಿಯ ಮಗ ಬಾಂಗುನ್ ಒಲೆಯ ಮುಂದೆ ನಿಲ್ಲಲೇಬೇಕಾದವನು.

ನಾಂದೆ ಮಾಲೆಮ್ ಬೆರಳು ಮಡಚುತ್ತಾ ಹೋದಳು. "ಬಾಂಗುನ್ ಒಲೆಗೆ. ಅವನ ತಮ್ಮ ನೀರಿಗೆ. ಬಾಪಾ ಬೆನಾರ್, ನಿನ್ನ ಗಂಡ, ಚಾಪೆ ಮೇಲೆ. ಸರದಿಯವರೆಲ್ಲ ಒಂದೋ ಒಲೆ, ಇಲ್ಲಾ ಚಾಪೆ. ಒಬ್ಬೊಬ್ಬರೂ ಇನ್ನೊಬ್ಬ ಇದಾನೆ ಅಂದ್ಕೊಂಡು ಹೋಗಿರ್ತಾರೆ. ಮನೇಲಿ ಯಾರೂ ಇಲ್ಲ, ನಾಂದೆ ಬೆನಾರ್. ಅವರು ಒಬ್ಬರೇ ಇದಾರೆ."

"ಹುಚ್ಚಿ, ಅಷ್ಟು ಜನರಲ್ಲಿ ಒಬ್ಬನಿಗೂ ತಲೆ ಇರಲ್ವಾ?" ಎಂದೆ. ಫೋನು ತೆಗೆದು ಬಾಂಗುನ್‌ಗೆ ಹಚ್ಚಿದೆ. ರಿಂಗಾಗಿ ನಿಂತಿತು. ಗಂಡನಿಗೆ ಹಚ್ಚಿದೆ, ಅದೂ ನಿಂತಿತು. ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಾಂದೆ ತೇತಾಪ್‌ಳ ಹತ್ತಿರ ಫೋನಿಲ್ಲ, ಇದ್ದಿದ್ದರೂ ಆಕೆ ಹೊಸ್ತಿಲು ದಾಟುವವಳಲ್ಲ. ಅವಳ ಲೆಕ್ಕ ಸರಿಯಾಗಿತ್ತು.

"ನಾನು ಊರಿಗೆ ಓಡ್ತೀನಿ, ನೀನು ಒಳಗೆ ಹೋಗು" ಎಂದೆ. ನರ್ಸ್ ತಲೆಯಾಡಿಸಿದಳು. ರಕ್ತ ಕೊಡುವವಳು ನಾನೇ, ಜೊತೆಯಲ್ಲಿದ್ದವರು ಹೊರಟುಹೋದರೆ ಆಪರೇಷನ್ ಇಲ್ಲ.

ನಾಂದೆ ಮಾಲೆಮ್ ಮಂಚದಿಂದ ಒಂದು ಕಾಲು ಇಳಿಸಿ ಚಪ್ಪಲಿ ಹುಡುಕಿದಳು. ಸಿಕ್ಕಿತು, ಮೆಟ್ಟಿದಳು. ಇನ್ನೊಂದು ಕಾಲು ಮಂಚದ ಮೇಲೇ ಇತ್ತು. ಹಾಗೇ ಕೂತಳು. ಹೋಗಬೇಡ ಎನ್ನಲು ನನಗೆ ಯಾವ ಮುಖ? ನಿಜ ಹೇಳುತ್ತೇನೆ, ಆ ಹೊತ್ತು ನನಗೆ ದೇವರ ಮೇಲೆ ಸಿಟ್ಟಿತ್ತು. ಒಂಬತ್ತು ವರ್ಷದಲ್ಲಿ ಇವಳು ಗಂಡನನ್ನು ಬೇರೆಯವರಿಗೆ ಒಪ್ಪಿಸಿ ಹೊರಟಿದ್ದು ಇದೊಂದೇ ಸಲ, ಆ ತಾತನನ್ನು ಕರೆದುಕೊಳ್ಳಲು ಅವನಿಗೆ ಇದೇ ಬೆಳಿಗ್ಗೆ ಬೇಕಿತ್ತೇ?

ಆಮೇಲೆ ಅವಳು ಮಾತಾಡಿದಳು. ನನ್ನ ಜೊತೆಯಲ್ಲ. ಕಣ್ಣು ಮುಚ್ಚಿರಲಿಲ್ಲ, ಕೈ ಜೋಡಿಸಿರಲಿಲ್ಲ. ಓಣಿಯಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು.

"ನಂಗೆ ಸುಸ್ತಾಗಿದೆ, ಕರ್ತನೇ. ನೀನಿದೀಯ, ನೀನಿದೀಯ ಅಂತ ಬಾಯಲ್ಲಿ ಹೇಳ್ಕೊಂಡು ಎಲ್ಲಾ ನಾನೇ ಮಾಡ್ತಾ ಬಂದೆ. ನಿನ್ನ ಕೈಗೆ ಒಂದು ಚಮಚಾನೂ ಕೊಡಲಿಲ್ಲ. ಇವತ್ತು ನನ್ನ ಕೈಲಿ ಆಗಲ್ಲ. ನಾನು ಓಡಿ ಹೋದ್ರೂ ಇವತ್ತೊಂದು ದಿನ ಆಗುತ್ತೆ, ನಾಳೆ ಆಗಲ್ಲ. ಶಾಲೆ ಗಂಟೆ ಹೊಡೆಯೋ ಹೊತ್ತಾಯ್ತು. ಬಲಕ್ಕೆ. ನೀನೇ ಮಗ್ಗುಲು ಬದಲಿಸು."

ಚಪ್ಪಲಿ ಕಳಚಿ ಕಾಲನ್ನು ಮೇಲಕ್ಕೆ ಎಳೆದುಕೊಂಡು ಮಲಗಿದಳು. ಗಾಡಿ ಬಂದು ಅವಳನ್ನು ತಳ್ಳಿಕೊಂಡು ಹೋದಾಗ ನೋಡಿದೆ, ಔಷಧಿ ಕೊಡುವ ಮೊದಲೇ ನಿದ್ದೆ ಹೋಗಿದ್ದಳು. ನಂಬಿಕೆ ಬಂದು ಚಿಂತೆಯನ್ನು ಓಡಿಸಿತೋ, ದಣಿದ ಕೈ ತಾನಾಗಿ ಚಿಂತೆಯನ್ನು ಬಿಟ್ಟಿತೋ ನನಗೆ ಗೊತ್ತಿಲ್ಲ. ಎರಡಕ್ಕೂ ಅಷ್ಟು ವ್ಯತ್ಯಾಸ ಇರಲಿಕ್ಕಿಲ್ಲ ಎಂದು ಈಗ ಅನಿಸುತ್ತದೆ.

ಊರಲ್ಲಿ ನಡೆದದ್ದನ್ನು ನಾಂದೆ ತೇತಾಪ್ ಆಮೇಲೆ ತುಂಡು ತುಂಡಾಗಿ ಹೇಳಿದಳು, ಪ್ರತಿ ತುಂಡಿಗೂ ಒಂದು ನೆಪ ಸೇರಿಸಿ. ಸಾವಿನ ಮನೆಗೆ ಅಕ್ಕಿ ಕೊಟ್ಟು, ಹಂದಿಗಳಿಗೆ ಮೇವು ಹಾಕಲು ಮನೆಗೆ ಬಂದಿದ್ದಳಂತೆ. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎದುರು ಮನೆಯಿಂದ "ಹೋ" ಕೇಳಿತು. ದಿನದ ಹೋ ಅಲ್ಲ, ಕಟ್ಟಿಹಾಕಿದ ಎಮ್ಮೆಯ ಸದ್ದಿನ ಹಾಗೆ. ಹೋಗಿ ಹೊಸ್ತಿಲಲ್ಲಿ ನಿಂತಳು. ಆತ ಮಂಚದಿಂದ ಅರ್ಧ ಜಾರಿ, ತಲೆ ಕೆಳಗಾಗಿ, ಕುತ್ತಿಗೆ ಗೋಡೆಗೂ ಮಂಚಕ್ಕೂ ನಡುವೆ ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತ್ತು.

ಓಣಿಗೆ ಓಡಿ "ಯಾರಾದ್ರೂ ಇದೀರಾ, ಗಂಡಸರು ಯಾರಾದ್ರೂ!" ಎಂದು ಕೂಗಿದಳು. ಡೋಲಿನ ಸದ್ದು ಬಿಟ್ಟರೆ ಉತ್ತರವಿಲ್ಲ. ವಾಪಸು ಬಂದಳು. ಹೊಸ್ತಿಲಲ್ಲಿ ನಿಂತು ಅಭ್ಯಾಸದಂತೆ ಕೋಳಿಯ ಕಡೆ ತಿರುಗಿದಳು. "ಕೋಳಿಯೇ, ಹೋಗೇ, ಬಾಂಗುನ್‌ನ ಕರ್ಕೊಂಡು ಬಾ" ಎಂದಳಂತೆ. ಕೋಳಿ ಮಣ್ಣು ಕೆದರುತ್ತಿತ್ತು.

"ಆಮೇಲೆ?" ಎಂದೆ ನಾನು.

"ಆಮೇಲೇನು. ಕರ್ತನೇ, ಸ್ವಲ್ಪ ಆ ಕಡೆ ನೋಡ್ತಿರು ಅಂದೆ. ಒಳಗೆ ಹೋದೆ."

ಕೋಸಿನ ಮೂಟೆ ಎತ್ತುವ ಹಾಗೆ ಎರಡೂ ತೋಳಿನಲ್ಲಿ ಎತ್ತಿ ಮಲಗಿಸಿದಳು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತಂತೆ. ನಾದಿನಿ ಬಾಂಗುನ್‌ಗೆ ಬಸ್ಸಿನಿಂದ ಕೂಗಿ ಹೇಳಿದ್ದು ನೆನಪಿತ್ತು, ಬಲಕ್ಕೆ ಹೊರಳಿಸಿದಳು. ಬಟ್ಟೆ ಒದ್ದೆಯಾಗಿತ್ತು, ಬದಲಿಸಿ ತೊಳೆದಳು. ಆತ ಅಷ್ಟು ಹೊತ್ತೂ ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದನಂತೆ. ಜೀವ ಹೋಗುವ ಹೊತ್ತಿನಲ್ಲೂ ರೆಬು ಬಿಡದ ಮರ್ಯಾದಸ್ಥ. ಕಣ್ಣಿನ ಸಂದಿಯಿಂದ ನೀರು ಮಾತ್ರ ಇಳಿಯುತ್ತಿತ್ತು. ನಲವತ್ತು ವರ್ಷದಲ್ಲಿ ನಾಂದೆ ತೇತಾಪ್ ಆತನಿಗೆ ನೇರವಾಗಿ ಆಡಿದ ಮೊದಲ ಮಾತು, "ಅಯ್ಯೋ, ಎಷ್ಟು ಹಗುರ ಆಗ್ಬಿಟ್ಟಿದೀರಿ."

ಇದನ್ನು ಹೇಳುವಾಗ ಆಕೆ ಅತ್ತಳು. ನಾನೂ ಅತ್ತೆ.

ವಾರದ ಮೇಲೆ ನಾಂದೆ ಮಾಲೆಮಳನ್ನು ಮನೆಗೆ ಕರೆತಂದೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ಅವಳು ಒಣಗಿದ ಸೊಪ್ಪಾಗಿದ್ದಳು. ಬಾಂಗುನ್ ತಲೆ ತಗ್ಗಿಸಿ ಅಂಗಳದಲ್ಲಿ ನಿಂತಿದ್ದ. ಆ ದಿನದ್ದನ್ನು ಅವಳಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ, ಗಂಡ ಚೆನ್ನಾಗಿದ್ದಾನೆ ಎಂದಷ್ಟೇ ಫೋನಿನಲ್ಲಿ ಹೇಳಿಸಿದ್ದೆವು. ನಾವು ಬರುವ ಸದ್ದು ಕೇಳಿ ಕೋಣೆಯಿಂದ ಯಾರೋ ದಡಬಡ ಎದ್ದು ಬಂದ ಹಾಗಾಯಿತು. ನೋಡಿದರೆ ನಾಂದೆ ತೇತಾಪ್ ಹೊಸ್ತಿಲಾಚೆ ನಿಂತು ಅಂಗಳದ ಕಡೆ ಮುಖ ಮಾಡಿ, "ಕೋಳಿಯೇ, ಒಳಗಿರೋರಿಗೆ ಹೇಳು, ಅವರ ಹೆಂಡತಿ ಬಂದ್ಲು" ಎನ್ನುತ್ತಿದ್ದಳು. ಕೈಯಲ್ಲಿ ಗಂಜಿಯ ಚಮಚ ಇತ್ತು.

ನಾಂದೆ ಮಾಲೆಮ್ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆನ್ನು ನೋಡಿದಳು. ಉಗುರು ಕತ್ತರಿಸಿತ್ತು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಅವಳು ಎಂದೂ ತೆಗೆಯದ ಕಡೆ ಬೈತಲೆ ತೆಗೆದಿತ್ತು.

"ಅತ್ತಿಗೆ, ಇವರ ಬೈತಲೆ ಯಾರು ತೆಗೆದಿದ್ದು?"

"ಬಾಂಗುನ್ ಇರಬೇಕು."

"ಬಾಂಗುನ್ ತನ್ನ ತಲೇನೇ ಬಾಚಲ್ಲ."

ನಾಂದೆ ತೇತಾಪ್ ಚಮಚ ನೋಡಿದಳು, ಕೋಳಿ ನೋಡಿದಳು. "ಕೋಳೀನ ಕೇಳು" ಎಂದಳು.

ಮಂಚದ ಮೇಲಿಂದ "ಹೋ, ಹೋ, ಹೋ" ಎಂದು ಬಂತು. ಅಷ್ಟು ಉದ್ದದ ನಗು ಆತನಿಂದ ಕೇಳಿ ಎಷ್ಟೋ ವರ್ಷವಾಗಿತ್ತು. ನಾಂದೆ ಮಾಲೆಮ್ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಕ್ಕಳು, ನಗುತ್ತಾ ಅತ್ತಳು. "ಒಳಗೆ ಬಾ ಅತ್ತಿಗೆ. ಗಂಜಿ ಆರುತ್ತೆ" ಎಂದಳು.

ಮೂರು ತಿಂಗಳು ಅವಳು ಬಿಂದಿಗೆ ಎತ್ತಲಿಲ್ಲ. ಆಮೇಲೂ ನಾಂದೆ ತೇತಾಪ್ ಹೊಸ್ತಿಲಾಚೆಗೆ ಮರಳಲಿಲ್ಲ. ಹಿರಿಯರಿಬ್ಬರು ಕಾಫಿ ಅಂಗಡಿಯಲ್ಲಿ ಗೊಣಗಿದರು. ಹಾಗಾದರೆ ನಾಳೆಯಿಂದ ನೀವು ಬಂದು ಬಟ್ಟೆ ತೊಳೆಯಿರಿ ಎಂದು ನಾನೇ ಹೋಗಿ ಹೇಳಿ ಬಂದೆ. ಮತ್ತೆ ಗೊಣಗಲಿಲ್ಲ. ಮುಂದಿನ ಮನೆಪ್ರಾರ್ಥನೆಯಲ್ಲಿ ನಾಂದೆ ಮಾಲೆಮ್ ಪ್ರಾರ್ಥಿಸುವಾಗ ಎಲ್ಲರೂ ಉಸಿರು ಬಿಗಿಹಿಡಿದು ಆ ಒಂದು ದಿನದ ಮಾತಿಗಾಗಿ ಕಾದೆವು. ಬರಲಿಲ್ಲ. "ಯಾರು ಮೊದಲು ಅನ್ನೋದು ನಿನಗೆ ಬಿಟ್ಟಿದ್ದು. ನಾನು ಕೇಳಿ ಕೇಳಿ ನಿನ್ನ ಕಿವಿ ಕೆಡಿಸಿದೆ, ಕ್ಷಮಿಸು" ಎಂದು ಮುಗಿಸಿದಳು.

ಚಿಂತೆ ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಟ್ಟ, ಕೋಸು, ಬೆಲ್ಲ ಎಲ್ಲ ಹಾಗೇ ಇದ್ದವು. ಒಮ್ಮೆ ಕೇಳಿದೆ, ಅವರ ಬಗ್ಗೆ ಈಗ ಹೆದರಿಕೆ ಆಗಲ್ವಾ ಅಂತ.

"ಆಗುತ್ತೆ. ಬೆಳಿಗ್ಗೆ ಎದ್ದ ಕೂಡ್ಲೇ ಬಂದು ಕೂರುತ್ತೆ, ಹಳೇ ನೆಂಟರ ಹಾಗೆ. ನಾನು ಕರ್ತನಿಗೆ ಹೇಳ್ತೀನಿ, ನೋಡಪ್ಪ, ನಿನ್ನ ಹುಡುಕ್ಕೊಂಡು ಬಂದಿದಾರೆ, ನೀನೇ ಮಾತಾಡಿ ಕಳಿಸು, ನಂಗೆ ಕೆಲಸ ಇದೆ ಅಂತ."

"ಅವನು ಕಳಿಸ್ತಾನಾ?"

"ಒಂದೊಂದು ದಿನ ಮಧ್ಯಾಹ್ನ ಆಗುತ್ತೆ" ಎಂದಳು.

ನಾಲ್ಕು ವರ್ಷ ಹೀಗೇ ನಡೆಯಿತು. ಕಿತ್ತಳೆ ಬಿಡಿಸುವ ಕಾಲದಲ್ಲಿ ಗಡ್ಡೆ ಬೇರೆ ಕಡೆ ಮತ್ತೆ ಕಾಣಿಸಿಕೊಂಡಿತು, ಈ ಸಲ ತೆಗೆಯುವ ಹಾಗಿರಲಿಲ್ಲ. ಅವಳ ಮಂಚವನ್ನು ಗಂಡನ ಮಂಚದ ಪಕ್ಕಕ್ಕೇ ಹಾಕಿದೆವು. ನಾಂದೆ ತೇತಾಪ್ ಇಬ್ಬರ ನಡುವೆ ಓಡಾಡುತ್ತಿದ್ದಳು, ಇಬ್ಬರನ್ನೂ ಬೈಯುತ್ತಾ. ಕೊನೆಯ ದಿನಗಳಲ್ಲಿ ನಾನು ಕೂತಿದ್ದಾಗ ನಾಂದೆ ಮಾಲೆಮ್ ಕೈ ಚಾಚಿ ಗಂಡನ ಹೊದಿಕೆ ಸರಿಮಾಡಿದಳು. ಏನಾದರೂ ಹೇಳುತ್ತಾಳೆ ಎಂದುಕೊಂಡೆ. "ಗಂಜಿಗೆ ಉಪ್ಪು ಹೆಚ್ಚು ಹಾಕ್ತಾಳೆ ಅತ್ತಿಗೆ, ಹೇಳು ಅವಳಿಗೆ" ಎಂದಳು, ಅಷ್ಟೇ. ಬೆಳಿಗ್ಗೆ ತರಕಾರಿ ಲಾರಿಗಳು ಹೋದ ಮೇಲೆ ತೀರಿಕೊಂಡಳು. ಅವಳೇ ಮೊದಲು ಹೋದಳು. ಒಂದು ದಿನ ಮೊದಲಲ್ಲ. ಎರಡು ಮಳೆಗಾಲ ಕಳೆದಿದೆ, ಆತ ಇನ್ನೂ ಇದ್ದಾನೆ.

ಸಾವಿನ ಮನೆಯ ಚಾಪೆಯ ಮೇಲೆ ಗಂಡ ಹೆಂಡತಿಯ ತಲೆಯ ಹತ್ತಿರ ಕೂರಬೇಕು. ಬಾಪಾ ಮಾಲೆಮನನ್ನು ಬಾಂಗುನ್ ಎತ್ತಿ ತಂದು ಕೂರಿಸಿದ. ಆತ ಕೂರಲಾರ, ಬಲಕ್ಕೆ ಬಿದ್ದುಬಿಡುತ್ತಾನೆ. ದಿಂಬು ಕೊಟ್ಟರು, ಜಾರಿದ. ಬಾಂಗುನ್ ಒಲೆಗೆ ಹೋಗಬೇಕಿತ್ತು. ಆಗ ನಾಂದೆ ತೇತಾಪ್ ಚಪ್ಪಲಿ ಬಿಟ್ಟು, ಇಡೀ ಊರಿನ ಮುಂದೆ, ಏಳು ಊರಿನ ನೆಂಟರ ಮುಂದೆ, ಆತನ ಚಾಪೆಯ ಮೇಲೆ ಕಾಲಿಟ್ಟು ಹೋಗಿ ಆತನ ಹಿಂದೆ ಕೂತಳು. ಎರಡೂ ತೋಳಿನಿಂದ ಆತನನ್ನು ತನ್ನ ಎದೆಗೆ ಒರಗಿಸಿಕೊಂಡು ನೆಟ್ಟಗೆ ಹಿಡಿದಳು. ಪರ ಊರಿನ ಹಿರಿಯರೊಬ್ಬರು ನನ್ನ ಗಂಡನ ಕಿವಿಯಲ್ಲಿ, "ಅವಳು ಅವನ ಹೆಂಡತಿಯ ಅಣ್ಣನ ಹೆಂಡತಿಯಲ್ಲವೇ?" ಎಂದರು.

"ಹೌದು. ಸುಮ್ನೆ ಕೂತ್ಕೊಳಪ್ಪ" ಎಂದ ನನ್ನ ಗಂಡ.

ಪಾದ್ರಿಗಳು ಪ್ರಾರ್ಥನೆ ಮುಗಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ಆಕೆಯೇ. ಮಧ್ಯಾಹ್ನ ಮಣ್ಣು ಮಾಡಲು ಎತ್ತುವವರೆಗೂ ಹಾಗೇ ಹಿಡಿದುಕೊಂಡಿದ್ದಳು. ನಡುವೆ ಶಾಲೆಯ ಗಂಟೆ ಹೊಡೆಯಿತು. ಆಕೆ ಆತನ ಭಾರವನ್ನು ಎಡತೋಳಿನಿಂದ ಬಲತೋಳಿಗೆ ಬದಲಿಸಿಕೊಂಡಳು.